ನೆರ್ಹಾದಲ್ಲಿ ಒಂದು ವಾರ: ಬೆಳಿಗ್ಗೆ ಬೆಟ್ಟ, ಸಂಜೆ ಕಡಲು

ಮಾಲಗಾದಿಂದ ಟೂರ್ ಬಸ್ಸಲ್ಲಿ ಬಂದವರಿಗೆ ನೆರ್ಹಾ ಅಂದರೆ ಮೂರು ಗಂಟೆಯ ಊರು. ಗುಹೆ ನೋಡು, ಕಡಲಿನ ಕಟ್ಟೆ ಮೇಲೆ ಫೋಟೋ ತೆಗೆಸಿಕೋ, ಐಸ್‌ಕ್ರೀಂ ತಿನ್ನು, ಬಸ್ ಹತ್ತು. ನಮ್ಮ ಮೊದಲ ಭೇಟಿಯೂ ಹೀಗೇ ಆಗಿತ್ತು. ಬಸ್ ಹೊರಡುವಾಗ ಹಿಂದೆ ತಿರುಗಿ ನೋಡಿದರೆ ಊರಿನ ಬೆನ್ನಿಗೇ ಬೂದು ಬಣ್ಣದ ಬೆಟ್ಟದ ಗೋಡೆ. ಅಷ್ಟು ಹೊತ್ತು ನೀರಿನ ಕಡೆಗೇ ಮುಖ ಮಾಡಿಕೊಂಡಿದ್ದ ನಾವು ಅದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಎರಡನೇ ಸಲ ಒಂದು ವಾರ ಉಳಿದೆವು. ಹಾಗೆ ಉಳಿಯಬೇಕು ಅನ್ನುವವರಿಗೆ ಈ ಬರಹ.

ನೆರ್ಹಾ ಇರುವುದು ಸ್ಪೇನಿನ ದಕ್ಷಿಣ ಕರಾವಳಿಯಲ್ಲಿ, ಮಾಲಗಾ ನಗರದಿಂದ ಪೂರ್ವಕ್ಕೆ 50 ಕಿಲೋಮೀಟರ್ ಚಿಲ್ಲರೆ ದೂರದಲ್ಲಿ. ಇಂಗ್ಲಿಷ್‌ನಲ್ಲಿ ಬರೆದಾಗ ‘ಜೆ’ ಅಕ್ಷರ ಕಾಣುತ್ತದೆ. ಸ್ಪ್ಯಾನಿಷ್‌ನಲ್ಲಿ ಅದು ‘ಹ’. ‘ನೆರ್ಜಾ’ಗೆ ಟಿಕೆಟ್ ಕೊಡಿ ಅಂದರೆ ಕೌಂಟರಿನವರು ಸುಮ್ನೆ ನಿಮ್ಮ ಮುಖ ನೋಡುತ್ತಾರೆ. ಬೆನ್ನಿಗಿರುವುದು ಅಲ್ಮಿಹಾರಾ ಬೆಟ್ಟಸಾಲು. ಅದರ ತುದಿ ನವಚಿಕಾ, 1,832 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಗಿಡ್ಡ. ಆದರೆ ಇಲ್ಲಿ ಏರು ಶುರುವಾಗುವುದು ಕಡಲ ಮಟ್ಟದಿಂದಲೇ.

1. ತಿಂಗಳು ಆರಿಸಿಕೊಳ್ಳಿ

ಜುಲೈ, ಆಗಸ್ಟ್ ಬೇಡ. ಆಗ ಸ್ಪೇನಿನವರಿಗೇ ರಜೆ. ಬೀಚಿನಲ್ಲಿ ಟವೆಲ್ ಹಾಸಲು ಜಾಗ ಇರುವುದಿಲ್ಲ, ಬಾಡಿಗೆಯೂ ಜಾಸ್ತಿ. ನಡೆಯುವ ಆಸೆ ಇದ್ದರೆ ಮೇ, ಈಜುವ ಆಸೆ ಇದ್ದರೆ ಸೆಪ್ಟೆಂಬರ್. ಎರಡೂ ಸ್ವಲ್ಪ ಸ್ವಲ್ಪ ಬೇಕು ಅಂದರೆ ಜೂನ್ ಮೊದಲ ಎರಡು ವಾರ.

ಈ ವ್ಯತ್ಯಾಸಕ್ಕೆ ಕಾರಣ ಇದೆ. ಇಲ್ಲಿನ ನೀರು ತಣ್ಣಗೆ. ಜಿಬ್ರಾಲ್ಟರ್ ಜಲಸಂಧಿಯ ಬಾಗಿಲಿಂದ ಅಟ್ಲಾಂಟಿಕ್ಕಿನ ನೀರು ಮೆಡಿಟರೇನಿಯನ್ ಕಡಲೊಳಗೆ ನುಗ್ಗಿ ಬರುವ ಜಾಗ ಇದು. ಮೇ ತಿಂಗಳಲ್ಲಿ 17–18 ಡಿಗ್ರಿ. ಆಗಸ್ಟ್‌ನಲ್ಲೂ 22–23ರ ಆಸುಪಾಸು. ಮಲ್ಪೆ, ಗೋಕರ್ಣದ ಬೆಚ್ಚನೆ ನೀರು ನೆನೆಸಿಕೊಂಡು ಓಡಿ ಹೋಗಿ ಧುಮುಕಿದರೆ ಉಸಿರು ಒಂದು ಕ್ಷಣ ನಿಂತ ಹಾಗಾಗುತ್ತದೆ. ನನ್ನ ಮಗಳು ಮೊದಲ ದಿನ ಮೊಣಕಾಲಿನ ತನಕ ಇಳಿದು, ‘ಇದು ಫ್ರಿಜ್ಜು’ ಅಂತ ವಾಪಸ್ ಬಂದಳು. ಮೂರನೇ ದಿನಕ್ಕೆ ರೂಢಿಯಾಯಿತು.

ಮೇ 15ಕ್ಕೆ ಅಲ್ಲಿರುವ ಹಾಗೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಅವತ್ತು ರೈತರ ಸಂತ ಸಾನ್ ಇಸಿದ್ರೋ ಹಬ್ಬ. ಅಲಂಕಾರ ಮಾಡಿದ ಎತ್ತಿನ ಗಾಡಿಗಳು ಊರಿಂದ ಗುಹೆಯ ಕಡೆಗೆ ಮೆರವಣಿಗೆ ಹೊರಡುತ್ತವೆ. ಎತ್ತಿನ ಕೊರಳ ಗಂಟೆ ಕೇಳಿದರೆ ಕಾರಹುಣ್ಣಿಮೆ ನೆನಪಾಗದೆ ಇರದು.

2. ವೀಸಾ

ಬೇಕಾಗಿರುವುದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ. ಬೆಂಗಳೂರಿನಲ್ಲೇ ಅರ್ಜಿ ಕೇಂದ್ರ ಇದೆ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆ ಗಡುವು 15 ದಿನ ಮೊದಲು. ಕೊನೆ ತನಕ ಕಾಯಬೇಡಿ. ಬೇಸಿಗೆ ಬಂತೆಂದರೆ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಫೀಸು ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದು ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ತೆರಿಗೆ ರಿಟರ್ನ್, ಆಫೀಸಿನ ರಜೆ ಪತ್ರ ಎಲ್ಲ ಒಂದೇ ಕಥೆ ಹೇಳಬೇಕು. ಅರ್ಜಿಯಲ್ಲಿ ಒಂಬತ್ತು ದಿನ, ರಜೆ ಪತ್ರದಲ್ಲಿ ಏಳು ದಿನ ಎಂದಿದ್ದರೆ ಸುಮ್ನೆ ತಲೆನೋವು. ವೀಸಾ ಕೈಗೆ ಬರುವ ತನಕ ರದ್ದು ಮಾಡಿದರೆ ಹಣ ವಾಪಸ್ ಬರದಂಥ ಟಿಕೆಟ್ ಕೊಳ್ಳಬೇಡಿ.

ಬೆಂಗಳೂರಿನಿಂದ ಮಾಲಗಾಗೆ ನೇರ ವಿಮಾನ ಇಲ್ಲ. ಕೊಲ್ಲಿ ದೇಶಗಳ ಮೂಲಕ ಅಥವಾ ಯುರೋಪಿನ ದೊಡ್ಡ ನಿಲ್ದಾಣಗಳ ಮೂಲಕ ಹೋಗಬೇಕು. ಫ್ರಾಂಕ್‌ಫರ್ಟ್ ಥರದ ಕಡೆ ಇಳಿದು ವಿಮಾನ ಬದಲಿಸಿದರೆ ಇಮಿಗ್ರೇಷನ್ ಅಲ್ಲೇ ಆಗುತ್ತದೆ. 2025ರ ಅಕ್ಟೋಬರ್‌ನಿಂದ ಯುರೋಪಿನ ಗಡಿಯಲ್ಲಿ ಬೆರಳಚ್ಚು, ಮುಖದ ಫೋಟೋ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿದೆ. ಸಾಲು ಉದ್ದ. ನಡುವೆ ಮೂರು ಗಂಟೆಯಾದರೂ ಬಿಡುವು ಇಟ್ಟುಕೊಳ್ಳಿ.

3. ಮನೆ ಹಿಡಿಯಿರಿ

ಹೋಟೆಲಿಗಿಂತ ಅಡುಗೆಮನೆ ಇರುವ ಅಪಾರ್ಟ್‌ಮೆಂಟ್ ಒಳ್ಳೆಯದು. ಏಕೆ ಅನ್ನುವುದು ಊಟದ ವಿಷಯಕ್ಕೆ ಬಂದಾಗ ಗೊತ್ತಾಗುತ್ತದೆ. ಊರಿನ ಹಳೇ ಭಾಗದಲ್ಲಿ, ಅಂದರೆ ಬಾಲ್ಕೋನ್ ದೆ ಎವ್‌ರೋಪಾ ಎಂಬ ಕಟ್ಟೆಯಿಂದ ಹತ್ತು ನಿಮಿಷದ ನಡಿಗೆಯೊಳಗೆ ಸಿಕ್ಕರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಪೂರ್ವಕ್ಕಿರುವ ಬುರಿಯಾನಾ ಬೀಚಿನ ಪಕ್ಕದ ಮನೆಗಳೂ ಚೆನ್ನ, ಆದರೆ ಬೀಚಿಂದ ಊರಿಗೆ ಬರುವ ದಾರಿ ಕಡಿದಾದ ಏರು. ವಯಸ್ಸಾದವರು ಜತೆಗಿದ್ದರೆ ಯೋಚಿಸಿ. ‘ಸೀ ವ್ಯೂ’ ಎಂದು ಬರೆದ ಎಷ್ಟೋ ಮನೆಗಳು ಗುಡ್ಡದ ಮೇಲಿರುತ್ತವೆ. ಕಡಲು ಕಾಣುತ್ತದೆ ನಿಜ, ಹಾಲು ತರಲು ಎರಡು ಕಿಲೋಮೀಟರ್ ಇಳಿಯಬೇಕು. ಬುಕ್ ಮಾಡುವ ಮುಂಚೆ ನಕ್ಷೆಯಲ್ಲಿ ಎತ್ತರ ನೋಡಿ.

ಕಾರು ಬೇಡ. ಊರೊಳಗೆ ನಿಲ್ಲಿಸಲು ಜಾಗ ಸಿಗುವುದಿಲ್ಲ. ಒಂದು ದಿನಕ್ಕೆ ಬಾಡಿಗೆಗೆ ಹಿಡಿಯುವುದಾದರೆ ಭಾರತದ ಲೈಸೆನ್ಸ್ ಜತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಹೋಗಿ.

4. ತಲುಪುವುದು

ಮಾಲಗಾ ವಿಮಾನ ನಿಲ್ದಾಣದಿಂದ ನೆರ್ಹಾಗೆ ನೇರ ಬಸ್ ದಿನಕ್ಕೆ ಕೆಲವೇ. ಅದು ಸಿಗದಿದ್ದರೆ ಲೋಕಲ್ ರೈಲು ಹಿಡಿದು ಮಾರಿಯಾ ಥಂಬ್ರಾನೋ ಸ್ಟೇಷನ್ನಿನಲ್ಲಿ ಇಳಿಯಿರಿ. ಹೊರಗೆ ಬಂದರೆ ಪಕ್ಕದಲ್ಲೇ ಬಸ್ ನಿಲ್ದಾಣ. ಅಲ್ಲಿಂದ ಆಲ್ಸಾ ಕಂಪನಿಯ ಬಸ್, ಒಂದರಿಂದ ಒಂದೂವರೆ ಗಂಟೆ.

ಇಲ್ಲೊಂದು ಎಚ್ಚರಿಕೆ. ವಿಮಾನ ನಿಲ್ದಾಣದ ರೈಲು ಎರಡು ದಿಕ್ಕಿಗೆ ಹೋಗುತ್ತದೆ. ಒಂದು ಮಾಲಗಾ ನಗರಕ್ಕೆ, ಇನ್ನೊಂದು ಪಶ್ಚಿಮದ ಫ್ವೆಂಗಿರೋಲಾಗೆ. ರಾತ್ರಿಯೆಲ್ಲ ನಿದ್ದೆಯಿಲ್ಲದ ನಾವು, ರೈಲು ಬಂತು ಎಂದು ಪೆಟ್ಟಿಗೆಗಳ ಸಮೇತ ಹತ್ತಿಬಿಟ್ಟೆವು. ಎಂಟು ನಿಮಿಷದಲ್ಲಿ ಬರಬೇಕಿದ್ದ ಸ್ಟೇಷನ್ ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಕಡಲು ಎಡಕ್ಕೆ ಕಾಣಿಸಿತು. ಎದುರು ಕೂತಿದ್ದ ಅಜ್ಜಿಗೆ ಟಿಕೆಟ್ ತೋರಿಸಿದೆ. ಅವರು ತೋರುಬೆರಳನ್ನು ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ, ಬಾಗಿಲು ತೋರಿಸಿದರು. ಭಾಷೆ ಬೇಕಾಗಲಿಲ್ಲ. ಹತ್ತುವ ಮೊದಲು ಬೋರ್ಡಿನಲ್ಲಿ ‘ಮಾಲಗಾ ಸೆಂತ್ರೋ’ ಇದೆಯಾ ನೋಡಿ, ಅಷ್ಟೆ.

ಇಲ್ಲಿನ ಪ್ಲಗ್ ದುಂಡನೆಯ ಎರಡು ಕಡ್ಡಿಯದು. ನಮ್ಮ ಫೋನ್ ಚಾರ್ಜರಿನ ಎರಡು ಪಿನ್ನು ಸಾಮಾನ್ಯವಾಗಿ ಕೂರುತ್ತದೆ, ಮೂರು ಪಿನ್ನಿನದು ಕೂರುವುದಿಲ್ಲ.

5. ಗಡಿಯಾರ ಅರ್ಥ ಮಾಡಿಕೊಳ್ಳಿ

ಈ ಹೆಜ್ಜೆ ತಪ್ಪಿದರೆ ಉಳಿದಿದ್ದೆಲ್ಲ ತಪ್ಪುತ್ತದೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಸ್ಪೇನ್ ನಕ್ಷೆಯಲ್ಲಿ ಲಂಡನ್ನಿನ ನೇರಕ್ಕೇ, ಕೆಳಗಿದೆ. ಆದರೆ 1940ರಲ್ಲಿ ಗಡಿಯಾರವನ್ನು ಜರ್ಮನಿಯ ಕಡೆಯ ಸಮಯಕ್ಕೆ ಬದಲಿಸಿದರು. ಆಮೇಲೆ ವಾಪಸ್ ತಿರುಗಿಸಲೇ ಇಲ್ಲ. ಬೇಸಿಗೆಯಲ್ಲಿ ಇದರ ಮೇಲೆ ಇನ್ನೊಂದು ಗಂಟೆ ಸೇರುತ್ತದೆ. ಹಾಗಾಗಿ ನೆರ್ಹಾದಲ್ಲಿ ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ. ಜೂನ್‌ನಲ್ಲಿ ಮುಳುಗುವುದು ರಾತ್ರಿ 9.40ರ ಹೊತ್ತಿಗೆ. ನಮ್ಮ ಲೆಕ್ಕದಲ್ಲಿ ‘ಮಧ್ಯಾಹ್ನ ಹನ್ನೆರಡರ ಬಿಸಿಲು’ ಅನ್ನುವುದು ಅಲ್ಲಿ ಎರಡರ ಹೊತ್ತಿಗೆ ಬರುತ್ತದೆ. ‘ಸಂಜೆ ಐದು ಆಯ್ತು, ಬಿಸಿಲು ಇಳಿದಿರುತ್ತೆ’ ಎಂದು ಹೊರಟರೆ ಸುಟ್ಟು ಬರುತ್ತೀರಿ.

ಊರು ನಡೆಯುವುದೂ ಈ ಸೂರ್ಯನ ಹಿಂದೆ. ಮಧ್ಯಾಹ್ನದ ಊಟ ಎರಡರಿಂದ ನಾಲ್ಕು. ಸಣ್ಣ ಅಂಗಡಿಗಳು ಎರಡಕ್ಕೆ ಮುಚ್ಚಿ ಐದರ ಮೇಲೆ ತೆಗೆಯುತ್ತವೆ. ರಾತ್ರಿ ಊಟ ಎಂಟೂವರೆ ನಂತರ. ಸಂಜೆ ಏಳಕ್ಕೆ ಹಸಿದ ಮಕ್ಕಳನ್ನು ಕರೆದುಕೊಂಡು ಹೋದರೆ ಅಡುಗೆಮನೆಯೇ ತೆರೆದಿರುವುದಿಲ್ಲ.

ನಮಗೆ ಕೊನೆಗೆ ಒಗ್ಗಿದ ದಿನಚರಿ ಇದು. ಏಳೂವರೆಗೆ ಮನೆ ಬಿಟ್ಟು ಬೆಟ್ಟದ ಕಡೆ. ಹನ್ನೆರಡರ ಒಳಗೆ ಕೆಳಗೆ. ಎರಡಕ್ಕೆ ಊಟ. ಆಮೇಲೆ ಕಿಟಕಿಯ ಪಟ್ಟಿ ಇಳಿಸಿ ನಿದ್ದೆ, ನಾಚಿಕೆ ಬೇಡ, ಇಡೀ ಊರೇ ಮಲಗಿರುತ್ತದೆ. ಆರಕ್ಕೆ ಕಡಲು. ಒಂಬತ್ತಕ್ಕೆ ಕಟ್ಟೆ.

6. ಬೆಟ್ಟ

ಮೊದಲ ದಿನ ಫ್ರಿಹಿಲಿಯಾನಾಗೆ ಹೋಗಿ. ಆರು ಕಿಲೋಮೀಟರ್ ಮೇಲಿರುವ ಬಿಳಿ ಹಳ್ಳಿ. ಬಸ್ಸಿದೆ, ಭಾನುವಾರ ಮತ್ತು ಹಬ್ಬದ ದಿನ ನಂಬಬೇಡಿ. ಹಳೇ ಕೇರಿಯ ಗೋಡೆಗಳಲ್ಲಿ ಅಲ್ಲಲ್ಲಿ ಬಣ್ಣದ ಹೆಂಚಿನ ಫಲಕಗಳಿವೆ. 1569ರಲ್ಲಿ ಇಲ್ಲಿನ ಬೆಟ್ಟದ ಮೇಲೆ ಮೊರಿಸ್ಕೋ ಜನ, ಅಂದರೆ ಬಲವಂತಕ್ಕೆ ಮತ ಬದಲಿಸಿದ ಮುಸ್ಲಿಮರ ಸಂತತಿ, ದಂಗೆ ಎದ್ದು ಸೋತ ಕಥೆ ಅದರಲ್ಲಿದೆ. ಮೆಟ್ಟಿಲು ಹತ್ತುತ್ತಾ ಒಂದೊಂದೇ ಫಲಕ ಹುಡುಕುವುದು ಮಕ್ಕಳಿಗೆ ಆಟ, ಕಥೆ ಮಾತ್ರ ಆಟದ್ದಲ್ಲ.

ಹಳ್ಳಿಯ ಬಾಯಲ್ಲಿ ಎಲ್ ಇನ್‌ಹೇನಿಯೋ ಎಂಬ ದೊಡ್ಡ ಹಳೇ ಕಟ್ಟಡ ಇದೆ. 16ನೇ ಶತಮಾನದ ಅರಮನೆಯದು. ಒಳಗೆ ‘ಮಿಯೆಲ್ ದೆ ಕಾನ್ಯಾ’ ಮಾಡುತ್ತಾರೆ. ಪದಶಃ ಕಬ್ಬಿನ ಜೇನು. ಬಾಟಲಿ ತೆಗೆದು ಮೂಸಿ ನೋಡಿದ ಮಲೆನಾಡಿನವರು ಯಾರಾದರೂ ಒಂದೇ ಮಾತು ಹೇಳುತ್ತಾರೆ: ಜೋನಿ ಬೆಲ್ಲ! ಅದೇ ಕಪ್ಪು, ಅದೇ ಆಲೆಮನೆಯ ವಾಸನೆ. ಯುರೋಪಿನಲ್ಲಿ ಇದನ್ನು ಮಾಡುವ ಕಾರ್ಖಾನೆ ಇದೊಂದೇ ಎಂದು ಊರಿನವರು ಹೆಮ್ಮೆ ಪಡುತ್ತಾರೆ. ಕಬ್ಬು ಇಲ್ಲಿಗೆ ತಂದವರು ಅರಬರು. ಬೆಟ್ಟ ಉತ್ತರದ ಚಳಿಗಾಳಿ ತಡೆಯುವುದರಿಂದ ಅದು ಬದುಕಿತು. ಪಕ್ಕದ ಗ್ರನಾದಾ ಕರಾವಳಿಯಲ್ಲಿ ಕೊನೆಯ ಕಬ್ಬು ಕಟಾವು ಆಗಿದ್ದು 2006ರಲ್ಲಿ. ಈಗ ಆ ಗದ್ದೆಗಳಲ್ಲಿ ಬೆಣ್ಣೆಹಣ್ಣು, ಮಾವು, ನಮ್ಮ ಸೀತಾಫಲದ ನೆಂಟ ಚಿರಿಮೋಯಾ. ಮಾವಿನ ಕಾಲ ಸೆಪ್ಟೆಂಬರ್‌ನಿಂದ. ಊರಲ್ಲಿ ಮೇ ತಿಂಗಳಲ್ಲಿ ತಿಂದವರಿಗೆ ವರ್ಷಕ್ಕೆ ಎರಡನೇ ಸುಗ್ಗಿ. ಸಕ್ಕರೆಗೆ ಸ್ಪ್ಯಾನಿಷ್‌ನಲ್ಲಿ ‘ಅಥೂಕಾರ್’ ಅನ್ನುತ್ತಾರೆ. ಸಂಸ್ಕೃತದ ಶರ್ಕರಾ ಪರ್ಷಿಯಾ, ಅರಬ್ ದೇಶ ಸುತ್ತಿ ಹಾಗಾಯಿತು. ನಮ್ಮ ಸಕ್ಕರೆ ಹತ್ತಿರದ ದಾರಿಯಲ್ಲಿ ಬಂತು.

ನಡಿಗೆಗೆ ಫ್ರಿಹಿಲಿಯಾನಾದಿಂದ ಕೆಳಗಿಳಿದು ಹಿಗೆರೋನ್ ಹೊಳೆಯ ಪಾತ್ರ ಹಿಡಿಯಿರಿ. ಎಷ್ಟು ದೂರ ಬೇಕೋ ಅಷ್ಟು ಹೋಗಿ ವಾಪಸ್ ಬರಬಹುದು. ಬೇಸಿಗೆಯಲ್ಲಿ ಹೊಳೆ ಹೆಸರಿಗಷ್ಟೇ ಹೊಳೆ. ಬಿಳಿ ಕಲ್ಲುಗಳ ಮೇಲೆ ನಡೆಯಬೇಕು, ಹಾಗಾಗಿ ಚಪ್ಪಲಿ ಬೇಡ, ಒಳ್ಳೆಯ ಶೂ. ಗಟ್ಟಿ ಕಾಲಿನವರಿಗೆ ಎಲ್ ಥಿಯೆಲೋ ಇದೆ. ಹೆಸರಿನ ಅರ್ಥ ಆಕಾಶ. 1,508 ಮೀಟರ್, ತುದಿಯಲ್ಲಿ ಶಿಲುಬೆ. ಇಡೀ ದಿನದ ಕೆಲಸ, ದಾರಿಯಲ್ಲಿ ನೆರಳಿಲ್ಲ. ಒಬ್ಬೊಬ್ಬರೂ ಮೂರು ಲೀಟರ್ ನೀರು ಹೊರಬೇಕು. ಆಕಾಶ ತಿಳಿಯಾಗಿದ್ದ ದಿನ ಕಡಲಿನಾಚೆ ಆಫ್ರಿಕಾದ ಬೆಟ್ಟಗಳು ಕಾಣುತ್ತವೆ. ಬಂಡೆ ಮೇಲೆ ಬಾಗಿದ ಕೊಂಬಿನ ಕಾಡುಮೇಕೆ ನಿಂತಿದ್ದರೆ ಓಡಬೇಡಿ, ಅದೇ ಹೋಗುತ್ತದೆ.

ಅಂತರ್ಜಾಲದಲ್ಲಿ ಎಲ್ಲರೂ ಹೊಗಳುವ ಚೀಯರ್ ಹೊಳೆಯ ನಡಿಗೆಗೆ ನೆಚ್ಚಿಕೊಂಡು ಹೋಗಬೇಡಿ. ನೀರಿನಲ್ಲೇ ನಡೆಯುವ, ಗೋಡೆಯಂಥ ಕಮರಿಗಳ ದಾರಿ ಅದು. ಬರ, ಬೆಂಕಿಯ ಅಪಾಯ, ಜನಸಂದಣಿ ಅಂತ ಇತ್ತೀಚಿನ ವರ್ಷಗಳಲ್ಲಿ ಆಗಾಗ ಮುಚ್ಚುತ್ತಾರೆ, ನಿರ್ಬಂಧ ಹಾಕುತ್ತಾರೆ. ಊರಿನ ಪ್ರವಾಸಿ ಕಚೇರಿಯಲ್ಲಿ ಕೇಳಿಕೊಂಡೇ ಹೊರಡಿ. ಜೂನ್ 1ರಿಂದ ಅಕ್ಟೋಬರ್ 15ರ ತನಕ ಇಲ್ಲಿ ಕಾಡ್ಗಿಚ್ಚಿನ ಕಾಲ. ಕಾಡಿನಲ್ಲಿ ಒಲೆ ಹಚ್ಚುವಂತಿಲ್ಲ.

7. ಬಿಸಿಲೇರಿದ ಹೊತ್ತಿಗೆ ಗುಹೆ

ಬೆಟ್ಟ ಬೇಡವೆಂದ ದಿನ, ನಡು ಮಧ್ಯಾಹ್ನಕ್ಕೆ ಗುಹೆಯ ಟಿಕೆಟ್ ಮಾಡಿಸಿ. ಒಳಗೆ ವರ್ಷವಿಡೀ 18–19 ಡಿಗ್ರಿ. 1959ರ ಜನವರಿ 12ರಂದು ಮಾರೋ ಹಳ್ಳಿಯ ಐದು ಹುಡುಗರು ಬಾವಲಿ ಹಿಡಿಯಲು ಹೋಗಿ ಇದನ್ನು ಕಂಡರು. ಒಂದೂವರೆ ವರ್ಷದಲ್ಲಿ ಜನರಿಗೆ ತೆರೆದರು. ಒಳಗೆ ನೆಲದಿಂದ ಚಾವಣಿ ತನಕ ಬೆಳೆದ 32 ಮೀಟರ್ ಎತ್ತರದ ಸುಣ್ಣಕಲ್ಲಿನ ಕಂಬವೊಂದಿದೆ. ಹತ್ತು ಅಂತಸ್ತಿನ ಕಟ್ಟಡದಷ್ಟು! ಮೆಟ್ಟಿಲು ಜಾಸ್ತಿ, ಮೊಣಕಾಲು ನೋವಿನವರಿಗೆ ಹಿಂಸೆ.

ಗುಹೆಯಿಂದ ಊರಿಗೆ ಬರುವ ದಾರಿಯಲ್ಲಿ, ಮಾರೋ ಹಳ್ಳಿಯ ಹತ್ತಿರ ಗಮನಿಸದೆ ದಾಟಿಬಿಡುವ ಜಾಗ ಒಂದಿದೆ. ಅದು ‘ಹದ್ದಿನ ಮೇಲ್ಗಾಲುವೆ’. ನಾಲ್ಕು ಅಂತಸ್ತು, 37 ಕಮಾನು. ರೋಮನ್ನರದ್ದು ಅಂದುಕೊಳ್ಳುತ್ತಾರೆ, ಅಲ್ಲ. 19ನೇ ಶತಮಾನದ ಕೊನೆಗೆ ಸಕ್ಕರೆ ಕಾರ್ಖಾನೆಗೆ ನೀರು ಸಾಗಿಸಲು ಕಟ್ಟಿದ್ದು. ನಡುವಿನ ಗೋಪುರದ ತುದಿಯಲ್ಲಿ ಗಾಳಿ ದಿಕ್ಕು ತೋರಿಸುವ ಕಬ್ಬಿಣದ ಹಕ್ಕಿಯನ್ನು ಕಣ್ಣು ಕಿರಿದು ಮಾಡಿ ನೋಡಿ. ಎರಡು ತಲೆ! ಕೆಎಸ್‌ಆರ್‌ಟಿಸಿ ಬಸ್ಸಿನ ಮೇಲೆ ಗಂಡಭೇರುಂಡ ನೋಡಿ ಬೆಳೆದ ನಾವು ರಸ್ತೆ ಬದಿಯಲ್ಲಿ ನಿಂತು ನಕ್ಕೆವು.

8. ಕಡಲು

ಬಂಗಾರದ ಮರಳು ನಿರೀಕ್ಷಿಸಬೇಡಿ. ಇಲ್ಲಿನದು ಬೂದು ಮರಳು, ಸಣ್ಣ ಕಲ್ಲು. ರಬ್ಬರ್ ಶೂ ಹಾಕಿಕೊಂಡರೆ ಪಾದ ಉಳಿಯುತ್ತದೆ. ಮಕ್ಕಳಿಗೆ ಬುರಿಯಾನಾ: ಉದ್ದದ ದಂಡೆ, ಶವರ್, ಊಟದ ಅಂಗಡಿಗಳು ಎಲ್ಲ ಇವೆ. ಕಟ್ಟೆಯ ಕೆಳಗಿನ ಕಾಲಾಓಂದಾ ಸಣ್ಣದು, ಸಂಜೆಗೆ ಚೆಂದ. ಹಸಿರು ಬಾವುಟ ಇದ್ದರೆ ಇಳಿಯಿರಿ, ಹಳದಿ ಇದ್ದರೆ ದಡದಲ್ಲೇ ಇರಿ, ಕೆಂಪು ಇದ್ದರೆ ಐಸ್‌ಕ್ರೀಂ ತಿನ್ನಿ.

ಕಡಲು ಸಂಜೆಗೆ ಅಂದೆನಲ್ಲ, ಅದಕ್ಕೆ ಒಂದು ಅಪವಾದ ಕಯಾಕ್. ಬೆಳಿಗ್ಗೆ ಗಾಳಿ ಏಳುವ ಮುಂಚೆ ಬುರಿಯಾನಾದಿಂದ ಹೊರಡುವ ಗೈಡ್ ತಂಡದ ಜತೆ ಹೋಗಿ. ಮಾರೋ ಬಂಡೆಗಳ ಕೆಳಗೆ ಹೋದರೆ ಜಲಪಾತ ನೇರ ಕಡಲಿಗೆ ಬೀಳುತ್ತದೆ. ಈ ಬಂಡೆ ಕರಾವಳಿ 1989ರಿಂದ ಸಂರಕ್ಷಿತ. ಇನ್ನೊಂದು ಮಾತು. ಪೂರ್ವಕ್ಕೆ ಕಂತರ್ರಿಹಾನ್ ಎಂಬ ಬೀಚಿನ ಫೋಟೋ ನೋಡಿ ಅತ್ತೆ ಮಾವನನ್ನು ಕರೆದುಕೊಂಡು ಹೋಗುವ ಯೋಚನೆ ಇದ್ದರೆ, ಅಲ್ಲಿ ಬಟ್ಟೆ ಹಾಕದವರೂ ಇರುತ್ತಾರೆ ಅನ್ನುವುದು ಗೊತ್ತಿರಲಿ.

ರಾತ್ರಿ ಒಂಬತ್ತರ ಕಟ್ಟೆ ಮಾತ್ರ ತಪ್ಪಿಸಬೇಡಿ. 1884ರ ಡಿಸೆಂಬರ್‌ನಲ್ಲಿ ಭೂಕಂಪ ಆಗಿ, ಮರು ತಿಂಗಳು ದೊರೆ 12ನೇ ಅಲ್ಫೋನ್ಸೋ ಊರು ನೋಡಲು ಬಂದ. ಇಲ್ಲಿ ನಿಂತು ‘ಇದು ಯುರೋಪಿನ ಬಾಲ್ಕನಿ’ ಅಂದನಂತೆ. ಈಗ ಕಂಬಿಗೆ ಒರಗಿಕೊಂಡು ಅವನ ಕಂಚಿನ ಪ್ರತಿಮೆ ನಿಂತಿದೆ. ಫೋಟೋ ಬೇಕಾದವರು ಸಾಲು ನಿಂತಿರುತ್ತಾರೆ. ನೀವು ಕಡಲಿಗೆ ಬೆನ್ನು ಹಾಕಿ ಬೆಟ್ಟ ನೋಡಿ. ಕೆಂಪು, ನೇರಳೆ, ಬೂದು, ಹೀಗೆ ಹತ್ತು ನಿಮಿಷದಲ್ಲಿ ಮೂರು ಬಣ್ಣ.

9. ಊಟ

ಮೀನು ತಿನ್ನುವವರಿಗೆ ಸಮಸ್ಯೆ ಇಲ್ಲ. ಮರಳಿನ ಮೇಲೆ ನಿಲ್ಲಿಸಿದ ಹಳೇ ದೋಣಿಯಲ್ಲಿ ಬೆಂಕಿ, ಕಡ್ಡಿಗೆ ಚುಚ್ಚಿದ ಬೂತಾಯಿ. ಇದಕ್ಕೆ ‘ಎಸ್ಪೇತೋ’ ಎನ್ನುತ್ತಾರೆ. ಮೇಯಿಂದ ಆಗಸ್ಟ್ ಇದಕ್ಕೆ ಸರಿಯಾದ ಕಾಲ.

ಸಸ್ಯಾಹಾರಿಗಳು ಬಾಯಿಪಾಠ ಮಾಡಿಕೊಳ್ಳಿ: ‘ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೆಸ್ಕಾದೋ, ಸಿನ್ ಅತೂನ್.’ ಮಾಂಸ, ಹಂದಿಮಾಂಸ, ಮೀನು, ಟ್ಯೂನಾ ಯಾವುದೂ ಬೇಡ ಅಂತ. ನಾಲ್ಕೂ ಹೇಳಬೇಕು. ನಾನು ಬರೀ ‘ಸಿನ್ ಕಾರ್ನೆ’ ಎಂದು ಸಲಾಡ್ ತರಿಸಿದ್ದೆ. ಸೊಪ್ಪಿನ ಮೇಲೆ ಟ್ಯೂನಾ ಗುಡ್ಡೆ ಕೂತು ಬಂತು. ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲ. ತಪ್ಪು ನನ್ನದೇ.

ಧೈರ್ಯವಾಗಿ ತರಿಸಬಹುದಾದದ್ದು ಎರಡು. ಒಂದು, ‘ಬೆರೆನ್‌ಹೇನಾಸ್ ಕೋನ್ ಮಿಯೆಲ್’. ಬದನೆಕಾಯಿ ತೆಳ್ಳಗೆ ಕೊಯ್ದು, ಹಿಟ್ಟಲ್ಲಿ ಹೊರಳಿಸಿ ಕರಿದು, ಮೇಲೆ ಅದೇ ಕಬ್ಬಿನ ಜೇನನ್ನು ಗೆರೆ ಗೆರೆಯಾಗಿ ಸುರಿಯುತ್ತಾರೆ. ಹೊರಗೆ ಗರಿ, ಒಳಗೆ ಬೆಣ್ಣೆ, ಮೇಲೆ ಬೆಲ್ಲ. ಬಂದ ಎರಡು ನಿಮಿಷದೊಳಗೆ ತಿನ್ನಿ, ತಡವಾದರೆ ಮೆತ್ತಗಾಗುತ್ತದೆ. ಇನ್ನೊಂದು ‘ಅಹೋಬ್ಲಾಂಕೋ’. ಬಾದಾಮಿ, ಬೆಳ್ಳುಳ್ಳಿ, ನೆನೆಸಿದ ಬ್ರೆಡ್ಡು, ಆಲಿವ್ ಎಣ್ಣೆ, ಸ್ವಲ್ಪ ವಿನೆಗರ್ ರುಬ್ಬಿ ಮಾಡಿದ ಬಿಳಿ ತಣ್ಣನೆ ಸಾರು, ಮೇಲೆ ನಾಲ್ಕು ದ್ರಾಕ್ಷಿ. ತಂಬುಳಿ ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ, ಅಲ್ವಾ?

ಉಳಿದಂತೆ ಸೂಪರ್ ಮಾರ್ಕೆಟ್ಟಿನ ಅಕ್ಕಿ, ಮೊಸರು, ಮನೆಯಿಂದ ತಂದ ಉಪ್ಪಿನಕಾಯಿ. ಸಂಜೆ ಏಳರ ಹಸಿವಿಗೆ ಇದೇ ಮದ್ದು. ಶನಿವಾರವೇ ಸಾಮಾನು ತಂದಿಟ್ಟುಕೊಳ್ಳಿ, ಭಾನುವಾರ ಹೆಚ್ಚಿನವು ಮುಚ್ಚಿರುತ್ತವೆ.

10. ಹೊರಡುವ ಮುನ್ನ

ಗ್ರನಾದಾದ ಅಲಾಂಬ್ರಾ ಅರಮನೆ ನೋಡುವ ಆಸೆ ಇದ್ದರೆ ಟಿಕೆಟ್ಟನ್ನು ಬೆಂಗಳೂರಿನಿಂದಲೇ, ತಿಂಗಳುಗಳ ಮೊದಲು ತೆಗೆಯಿರಿ. ಪಾಸ್‌ಪೋರ್ಟ್ ಜತೆಗಿರಲಿ. ನೆರ್ಹಾದಿಂದ ಗ್ರನಾದಾಗೆ ಬಸ್ ಕಮ್ಮಿ, ವಾಪಸ್ ಬಸ್ಸಿನ ಸಮಯ ನೋಡಿಕೊಂಡೇ ಹೊರಡಿ.

ಕಬ್ಬಿನ ಜೇನಿನ ಬಾಟಲಿ ಕೈಚೀಲದಲ್ಲಿ ಇಡಬೇಡಿ. 100 ಮಿಲಿಲೀಟರ್ ದಾಟಿದ ದ್ರವವೆಂದು ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ. ಪ್ಲಾಸ್ಟಿಕ್ ಕವರು, ಅದರ ಮೇಲೆ ಟವೆಲ್, ಆಮೇಲೆ ದೊಡ್ಡ ಪೆಟ್ಟಿಗೆಯ ನಡುವಿಗೆ. ನಾವು ಎರಡು ಬಾಟಲಿ ತಂದೆವು. ಒಂದನ್ನು ಅಮ್ಮ ನೀರುದೋಸೆ ಜತೆ ನಾಲ್ಕು ದಿನದಲ್ಲಿ ಮುಗಿಸಿ, ‘ನಮ್ಮೂರಿಂದ್ಲೇ ತರಬಹುದಿತ್ತಲ್ಲ, ಅಷ್ಟು ದೂರ ಯಾಕೆ ಹೋದ್ರಿ?’ ಅಂದರು.